ಕೆಟ್ಟಿದ್ದು ಕಿಡ್ನಿ, ಹಾಗಾದ್ರೆ ಮೂಳೆಗೆ, ರಕ್ತಕ್ಕೆ ಮಾತ್ರೆ ಯಾಕೆ?

ಸಾಗರದ ಮಗ

ಎಲ್ಲರಿಗೂ ನಮಸ್ಕಾರ. ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಅಪ್ಪನಿಗೆ 64 ವರ್ಷ. 15 ವರ್ಷದಿಂದ ಶುಗರ್, ಬಿಪಿ ಎರಡೂ ಇವೆ. ಹೋದ ತಿಂಗಳು ಸಂಜೆಯಾದರೆ ಕಾಲು ಊದಿಕೊಳ್ಳುತ್ತಿತ್ತು. ಕಣಕಾಲಿನ ಮೇಲೆ ಬೆರಳಿಟ್ಟು ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಊಟ ಸೇರುತ್ತಿರಲಿಲ್ಲ, ಮೈಯೆಲ್ಲ ತುರಿಕೆ. ರಕ್ತ ಪರೀಕ್ಷೆ ಮಾಡಿಸಿದೆವು. ಕಿಡ್ನಿ ಹೊರಗೆ ಹಾಕಬೇಕಾದ ಕ್ರಿಯಾಟಿನಿನ್ ಅನ್ನುವ ಕಸ 5.8, ಹಿಮೋಗ್ಲೋಬಿನ್ 8.2, ಪೊಟ್ಯಾಸಿಯಂ 5.6. ಎರಡೂ ಕಿಡ್ನಿ ಸೇರಿ ಹತ್ತರಲ್ಲಿ ಒಂದು ಪಾಲು ಕೆಲಸ ಮಾತ್ರ ಉಳಿದಿದೆ ಅಂದರು ಡಾಕ್ಟರು.

ಈಗ ಮಾತ್ರೆ ಎಷ್ಟಿವೆ ಅಂದರೆ, ಅಮ್ಮ ಹಳೇ ಒಗ್ಗರಣೆ ಡಬ್ಬಿ ತೊಳೆದು ಒಣಗಿಸಿ, ಸಾಸಿವೆ ಜೀರಿಗೆ ಇರುತ್ತಿದ್ದ ಬಟ್ಟಲುಗಳಲ್ಲಿ ಒಂದೊಂದು ಥರ ಹಾಕಿಟ್ಟಿದ್ದಾಳೆ. ಬಿಪಿಗೆ ಟೆಲ್ಮಿಸಾರ್ಟಾನ್, ನೀರು ಇಳಿಯಲು ಫ್ರೂಸೆಮೈಡ್, ಒಂದು ಸೋಡಾ ಮಾತ್ರೆ, ಊಟದ ಜೊತೆಗೇ ತಗೋಬೇಕಾದ ಇನ್ನೊಂದು, ಕಬ್ಬಿಣದ ಮಾತ್ರೆ, ಮೂಳೆಗೆ ಅಂತ ಒಂದು ಪುಟ್ಟ ಕ್ಯಾಪ್ಸೂಲ್. ಇದರ ಮೇಲೆ ವಾರಕ್ಕೊಂದು ಇಂಜೆಕ್ಷನ್, ಅದು ಫ್ರಿಜ್ಜಿನಲ್ಲಿದೆ.

ಕಿಡ್ನಿ ಇರೋದು ಮೂತ್ರ ಮಾಡೋಕೆ ಅಂತ ತಾನೇ ನಾವು ಶಾಲೆಯಲ್ಲಿ ಓದಿದ್ದು? ಹಾಗಾದ್ರೆ ಮೂಳೆಗೆ, ರಕ್ತಕ್ಕೆ ಔಷಧಿ ಯಾಕೆ? ಚಿಕ್ಕಪ್ಪ "ವ್ಯಾಪಾರಕ್ಕೆ ಬರೆದಿದ್ದಾರೆ, ಅರ್ಧ ನಿಲ್ಲಿಸು" ಅಂತ ಹೇಳಿ ಹೋದರು. ಅಪ್ಪನೂ ತಲೆಯಾಡಿಸಿದರು. ಡಾಕ್ಟರನ್ನೇ ಕೇಳೋಣ ಅಂದರೆ ಹೊರಗೆ ಅಷ್ಟು ಜನ ಕಾಯುತ್ತಿರುತ್ತಾರೆ, ಎರಡು ನಿಮಿಷದಲ್ಲಿ ಎದ್ದು ಬರಬೇಕು.

ಹೊಲದಬದು

ಅಣ್ಣಾ, ನಮ್ಮ ಮಾವನಿಗೆ ಕಿಡ್ನಿಯಲ್ಲಿ ಕಲ್ಲಿತ್ತು. ದಿನಾ ಬೆಳಿಗ್ಗೆ ಬಾಳೆದಿಂಡಿನ ರಸ, ಮಧ್ಯಾಹ್ನ ಎರಡು ಎಳನೀರು ಕೊಟ್ಟೆವು. ಕಲ್ಲು ಬಿದ್ದುಹೋಯಿತು. ಅಪ್ಪನಿಗೂ ಕೊಟ್ಟು ನೋಡಿ.

ನರ್ಸಕ್ಕ

ದಯವಿಟ್ಟು ಎಳನೀರು ಕೊಡಬೇಡಿ. ಡ್ಯೂಟಿಯಲ್ಲಿದ್ದೇನೆ, ರಾತ್ರಿ ಬಂದು ಯಾಕೆ ಅಂತ ಬರೆಯುತ್ತೇನೆ. ಪೊಟ್ಯಾಸಿಯಂ 5.6 ಇರುವವರಿಗೆ ಎಳನೀರೂ ಬೇಡ, ಬಾಳೆದಿಂಡಿನ ರಸವೂ ಬೇಡ. ಕಲ್ಲಿನ ಕಥೆ ಬೇರೆ, ಇದು ಬೇರೆ.

ಬಯಾಲಜಿ ಟೀಚರ್

ಸಾಗರದ ಮಗ ಅವರೇ, ನಾನು ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ನಮ್ಮ ಅಮ್ಮ 6 ವರ್ಷ ಡಯಾಲಿಸಿಸ್‌ನಲ್ಲಿದ್ದರು. ನಿಮ್ಮ ಪ್ರಶ್ನೆಯನ್ನೇ ನಾನೂ ಆಗ ಕೇಳಿದ್ದೆ. ಪಾಠ ಮಾಡುವವಳಾಗಿದ್ದರೂ ನನಗೆ ಉತ್ತರ ಸರಿಯಾಗಿ ಗೊತ್ತಿರಲಿಲ್ಲ. ಯಾಕಂದರೆ ಪುಸ್ತಕದಲ್ಲಿ ಉಸಿರಾಟ ಒಂದು ಪಾಠ, ರಕ್ತ ಒಂದು ಪಾಠ, ಮೂಳೆ ಒಂದು ಪಾಠ, ವಿಸರ್ಜನೆ ಇನ್ನೊಂದು. ದೇಹದಲ್ಲಿ ಹಾಗೆ ಬೇರೆ ಬೇರೆ ಪಾಠ ಇಲ್ಲ. ನಿಮ್ಮ ಅಮ್ಮನ ಡಬ್ಬಿಯ ಒಂದೊಂದು ಬಟ್ಟಲೂ ಕಿಡ್ನಿ ಇಷ್ಟು ವರ್ಷ ಸದ್ದಿಲ್ಲದೆ ಮಾಡುತ್ತಿದ್ದ ಒಂದೊಂದು ಕೆಲಸ. ಅದು ಕೈಬಿಟ್ಟಿದ್ದನ್ನು ಈಗ ಮಾತ್ರೆ ಮಾಡಬೇಕು. ಹಾಗಾಗಿ ಒಂದನ್ನೂ ನೀವಾಗಿ ನಿಲ್ಲಿಸಬೇಡಿ.

ಮೊದಲು ಮೂತ್ರದ ಕೆಲಸದಿಂದಲೇ ಶುರು ಮಾಡೋಣ.

ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ಅದರಲ್ಲಿ ಒಂದು ಲೀಟರಿಗೂ ಜಾಸ್ತಿ ನೇರ ಕಿಡ್ನಿಗಳಿಗೇ ಹೋಗುತ್ತದೆ. ಎರಡೂ ಸೇರಿ ತೂಗುವುದು ಸುಮಾರು 300 ಗ್ರಾಂ ಅಷ್ಟೇ, ಆದರೂ ಐದರಲ್ಲಿ ಒಂದು ಪಾಲು ರಕ್ತ ಅವುಗಳಿಗೆ. ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ನೆಫ್ರಾನ್‌ಗಳಿವೆ. ನೆಫ್ರಾನ್ ಅಂದರೆ ಕೂದಲಿಗಿಂತ ಸಣ್ಣ ರಕ್ತನಾಳಗಳ ಒಂದು ಉಂಡೆ, ಅದಕ್ಕೆ ಅಂಟಿಕೊಂಡ ಒಂದು ಉದ್ದನೆಯ ಕೊಳವೆ. ಉಂಡೆಯಲ್ಲಿ ರಕ್ತ ಸೋಸುತ್ತದೆ. ರಕ್ತಕಣ, ಪ್ರೋಟೀನ್ ಒಳಗೇ ಉಳಿಯುತ್ತವೆ. ನೀರು, ಉಪ್ಪು, ಸಕ್ಕರೆ, ಯೂರಿಯಾ ಎಲ್ಲ ಕೊಳವೆಗೆ ಇಳಿಯುತ್ತವೆ.

ದಿನಕ್ಕೆ ಹೀಗೆ ಇಳಿಯುವುದು 180 ಲೀಟರ್. 15 ಲೀಟರಿನ ಕೊಡದಲ್ಲಿ ಅಳೆದರೆ 12 ಕೊಡ! ನಾವು ಹೊರಗೆ ಬಿಡುವುದು ಬರೀ ಒಂದೂವರೆ ಲೀಟರ್. ಉಳಿದದ್ದನ್ನೆಲ್ಲ ಕೊಳವೆ ರಕ್ತಕ್ಕೆ ವಾಪಸ್ ಕೊಡುತ್ತದೆ. ಇಷ್ಟು ಸುರಿದು ಇಷ್ಟೂ ವಾಪಸ್ ತಗೊಳ್ಳುವುದು ಯಾಕೆ ಅಂತ ಮಕ್ಕಳು ಕೇಳುತ್ತಾರೆ. ಯುಗಾದಿಗೆ ಮನೆ ಕ್ಲೀನ್ ಮಾಡುವಾಗ ಏನು ಮಾಡುತ್ತೇವೆ? ಸಾಮಾನೆಲ್ಲ ಅಂಗಳಕ್ಕೆ ಹಾಕಿ, ಬೇಕಾದದ್ದನ್ನು ಮಾತ್ರ ಒಳಗೆ ತರುತ್ತೇವೆ. ಬೇಡದ್ದನ್ನು ಹುಡುಕಿ ತೆಗೆಯುವುದಕ್ಕಿಂತ ಅದೇ ಸುಲಭ. ತಿಂದ ಅನ್ನದಲ್ಲಿ, ನುಂಗಿದ ಮಾತ್ರೆಯಲ್ಲಿ ಏನೇನಿದೆಯೋ ಕಿಡ್ನಿಗೆ ಗೊತ್ತಿಲ್ಲ. ಬೇಕಾದದ್ದು ಯಾವುದು ಅಂತ ಮಾತ್ರ ಅದಕ್ಕೆ ಗೊತ್ತು.

ಇನ್ನು ಮುಖ್ಯ ಸಂಗತಿ. ನಮ್ಮ ಕಡೆ ಕೆರೆಗಳಿಗೆ ನೀರಗಂಟಿ ಅಂತ ಒಬ್ಬರು ಇರುತ್ತಿದ್ದರು, ಗೊತ್ತಲ್ವಾ? ತೂಬು ಎತ್ತುವುದು, ಇಳಿಸುವುದು ಅವರ ಕೆಲಸ. ಊರಿನ ನೀರೆಲ್ಲ ಅವರ ಕಣ್ಣ ಮುಂದೆಯೇ ಹಾದುಹೋಗುವುದರಿಂದ ಕೆರೆಯಲ್ಲಿ ಎಷ್ಟಿದೆ, ಯಾವ ಗದ್ದೆ ಒಣಗಿದೆ ಅಂತ ಮೊದಲು ಗೊತ್ತಾಗುತ್ತಿದ್ದದ್ದು ಅವರಿಗೇ. ಕಿಡ್ನಿಯೂ ಅಂಥ ಜಾಗದಲ್ಲಿ ಕೂತಿದೆ. ನಿಮಿಷ ನಿಮಿಷಕ್ಕೂ ರಕ್ತದ ಒತ್ತಡ ಎಷ್ಟು, ಉಪ್ಪೆಷ್ಟು, ಆಮ್ಲಜನಕ ಸಾಲುತ್ತಿದೆಯಾ ಅಂತ ಅದು ನೋಡುತ್ತಿರುತ್ತದೆ. ನೋಡಿ ಬೇರೆ ಅಂಗಗಳಿಗೆ ಹೇಳಿ ಕಳಿಸುತ್ತದೆ.

ಈಗ ಫ್ರಿಜ್ಜಿನ ಇಂಜೆಕ್ಷನ್. ಅದು ಬಹುಶಃ ಎರಿಥ್ರೊಪೊಯೆಟಿನ್, ಚಿಕ್ಕದಾಗಿ ಇಪಿಒ. ಚೀಟಿಯಲ್ಲಿ ನೋಡಿ ಹೇಳಿ.

ಸಾಗರದ ಮಗ

ಹೌದು ಮೇಡಂ, ಎರಿಥ್ರೊಪೊಯೆಟಿನ್ ಅಂತಲೇ ಇದೆ. 180 ಲೀಟರ್ ಅನ್ನೋದನ್ನು ಅಪ್ಪನಿಗೆ ಓದಿ ಹೇಳಿದೆ. "ನಮ್ಮ ಹಂಡೆಯೂ ಅಷ್ಟು ಹಿಡಿಯಲ್ಲ" ಅಂದರು.

ಬಯಾಲಜಿ ಟೀಚರ್

ಕೆಂಪು ರಕ್ತಕಣ ಹುಟ್ಟುವುದು ಮೂಳೆಯ ಮಜ್ಜೆಯಲ್ಲಿ. ಒಂದು ಕಣ ಸುಮಾರು 120 ದಿನ ಬದುಕುತ್ತದೆ. ಹಾಗಾಗಿ ಸೆಕೆಂಡಿಗೆ 20 ಲಕ್ಷಕ್ಕೂ ಮೇಲೆ ಹೊಸ ಕಣ ಹುಟ್ಟುತ್ತಲೇ ಇರಬೇಕು. ಎಷ್ಟು ಹುಟ್ಟಬೇಕು ಅಂತ ಮಜ್ಜೆಗೆ ಹೇಳುವವರು ಯಾರು? ಕಿಡ್ನಿ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದರೆ ಕಿಡ್ನಿಯ ಕೆಲವು ಜೀವಕೋಶಗಳಿಗೆ ಕೂಡಲೇ ಗೊತ್ತಾಗಿ ಇಪಿಒ ಬಿಡುತ್ತವೆ. ಅದು ಮಜ್ಜೆಗೆ ಹೋಗಿ ಕೆಲಸ ಜೋರು ಮಾಡಿಸುತ್ತದೆ. ಜೀವಕೋಶಗಳು ಆಮ್ಲಜನಕ ಎಷ್ಟಿದೆ ಅಂತ ಹೇಗೆ ತಿಳಿಯುತ್ತವೆ ಅನ್ನುವುದನ್ನು ಬಿಡಿಸಿದ ಕೇಲಿನ್, ರ‍್ಯಾಟ್‌ಕ್ಲಿಫ್, ಸೆಮೆಂಜಾ ಅವರಿಗೆ 2019ರ ನೊಬೆಲ್ ಬಂತು.

ಕಿಡ್ನಿ ಸೋತಾಗ ಈ ಕೂಗು ನಿಲ್ಲುತ್ತದೆ. ಮಜ್ಜೆ ಗಟ್ಟಿಯಾಗಿಯೇ ಇದೆ, ಕಬ್ಬಿಣವೂ ಇರಬಹುದು, ಆದರೆ ಕೆಲಸ ಮಾಡು ಅಂತ ಹೇಳುವವರಿಲ್ಲ. ಅಪ್ಪನ ಹಿಮೋಗ್ಲೋಬಿನ್ 8.2 ಆಗಿರುವುದಕ್ಕೆ ಇದೇ ದೊಡ್ಡ ಕಾರಣ ಇರಬೇಕು. ಮೆಟ್ಟಿಲು ಹತ್ತಿದರೆ ಸುಸ್ತು, ಮುಖ ಬಿಳಿಚಿಕೊಳ್ಳುವುದು ಇವೆಲ್ಲ ಅದರಿಂದಲೇ. ಇಂಜೆಕ್ಷನ್ ಆ ಕೂಗನ್ನು ಹೊರಗಿನಿಂದ ಕೊಡುತ್ತದೆ. ಕಬ್ಬಿಣದ ಮಾತ್ರೆ ಹೊಸ ಕಣಗಳಿಗೆ ಸಾಮಗ್ರಿ. ಎರಡೂ ಬೇಕು.

ಈ ಇಪಿಒ ಸಿಕ್ಕ ಕಥೆ ನನಗೆ ತುಂಬ ಇಷ್ಟ. ಮಜ್ಜೆಯೇ ಕೆಟ್ಟ ರಕ್ತಹೀನತೆ ಇರುವವರಲ್ಲಿ ಕಿಡ್ನಿ ಕೂಗಿ ಕೂಗಿ ಇಪಿಒ ಮೂತ್ರದಲ್ಲೂ ಹೊರಗೆ ಬರುತ್ತದೆ. ಜಪಾನಿನಲ್ಲಿ ಅಂಥ ರೋಗಿಗಳ 2550 ಲೀಟರ್ ಮೂತ್ರ ಕೂಡಿಟ್ಟು, ಒಣಗಿಸಿ, ಶಿಕಾಗೋಗೆ ಒಯ್ದರು. ಅಲ್ಲಿ ಯೂಜೀನ್ ಗೋಲ್ಡ್‌ವಾಸರ್ ಅವರ ತಂಡ ಅದರಿಂದ ಕೆಲವೇ ಮಿಲಿಗ್ರಾಂ ಶುದ್ಧ ಇಪಿಒ ತೆಗೆದು 1977ರಲ್ಲಿ ಪ್ರಕಟಿಸಿತು. ಅದರ ಬೆನ್ನು ಹಿಡಿದು ಮುಂದೆ ಜೀನ್ ಸಿಕ್ಕಿತು, 1989ರಲ್ಲಿ ಅಮೆರಿಕದಲ್ಲಿ ಔಷಧಿಯಾಗಿ ಒಪ್ಪಿಗೆ ಸಿಕ್ಕಿತು. ಅದಕ್ಕೂ ಮೊದಲು ಡಯಾಲಿಸಿಸ್ ರೋಗಿಗಳು ಮತ್ತೆ ಮತ್ತೆ ರಕ್ತ ಹಾಕಿಸಿಕೊಳ್ಳಬೇಕಿತ್ತು.

ಒಂದು ಎಚ್ಚರಿಕೆ. ಹಿಮೋಗ್ಲೋಬಿನ್ ಬೇಗ ಏರಲಿ ಅಂತ ಡೋಸ್ ಜಾಸ್ತಿ ಮಾಡಿಸಬಾರದು. 13ರ ಮೇಲೆ ಒಯ್ದರೆ ಲಕ್ವ ಹೊಡೆಯುವ ಅಪಾಯ ಹೆಚ್ಚುತ್ತದೆ. ಡಾಕ್ಟರು 10, 11ರ ಹತ್ತಿರ ನಿಲ್ಲಿಸುವುದು ಅದಕ್ಕೇ.

ಕೊಪ್ಪದ ಕೂಲಿಗಾರ

ಮೇಡಂ, ಇಲ್ಲಿ ಒಂದು ಡೌಟು. ನಮ್ಮ ದೊಡ್ಡಪ್ಪನಿಗೆ ಅಡಿಕೆ ತೋಟದಲ್ಲಿ ಕೊಳಕುಮಂಡಲ ಕಚ್ಚಿತ್ತು. ವಿಷಕ್ಕೆ ಔಷಧಿ ಕೊಟ್ಟು ಜೀವ ಉಳಿಸಿದರು, ಆದರೆ ಎರಡು ದಿನ ಮೂತ್ರವೇ ಇಲ್ಲ. ಕ್ರಿಯಾಟಿನಿನ್ 9ಕ್ಕೆ ಹೋಗಿತ್ತು. ಮೂರು ವಾರ ಡಯಾಲಿಸಿಸ್ ಆಯಿತು. ಈಗ ಆರಾಮಾಗಿ ತೋಟಕ್ಕೆ ಹೋಗುತ್ತಾರೆ. 9 ಆದವರ ಕಿಡ್ನಿ ಸರಿಹೋಯಿತು, 5.8 ಇರುವವರದ್ದು ಯಾಕೆ ಸರಿಹೋಗಬಾರದು?

ಬಯಾಲಜಿ ಟೀಚರ್

ದೊಡ್ಡಪ್ಪ ಉಳಿದದ್ದು ಕೇಳಿ ಸಂತೋಷ. ಅದು ಹಠಾತ್ ಪೆಟ್ಟು. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಕ್ರಮವನ್ನೇ ಕೆಡಿಸುತ್ತದೆ, ಕೊಳವೆಗಳಿಗೆ ಏಟು ಕೊಡುತ್ತದೆ. ಆದರೆ ಕೊಳವೆಯ ಒಳಗೋಡೆಯ ಜೀವಕೋಶಗಳು ಮತ್ತೆ ಹುಟ್ಟಬಲ್ಲವು. ನೆಫ್ರಾನಿನ ಚೌಕಟ್ಟು ಉಳಿದಿದ್ದರೆ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ಎಲ್ಲರಿಗೂ ಪೂರ್ತಿ ವಾಪಸ್ ಬರುವುದಿಲ್ಲ. ಹಾಗಾಗಿ ವರ್ಷಕ್ಕೊಮ್ಮೆ ಕ್ರಿಯಾಟಿನಿನ್ ನೋಡಿಸುತ್ತಿರಿ.

ಶುಗರ್‌ನಿಂದ ಆಗುವುದು ನಿಧಾನದ ಸವೆತ. ರಕ್ತನಾಳದ ಉಂಡೆಯೇ ಗಟ್ಟಿಯಾಗಿ, ಕಲೆಗಟ್ಟಿ ಮುಚ್ಚಿಹೋಗುತ್ತದೆ. ಹೊಸ ನೆಫ್ರಾನ್ ಹುಟ್ಟುವುದಿಲ್ಲ. ತಾಯಿಯ ಹೊಟ್ಟೆಯಲ್ಲಿದ್ದಾಗ ಎಷ್ಟು ಆದವೋ ಅಷ್ಟೇ. ಹೋದವುಗಳ ಪಾಲಿನ ಕೆಲಸವನ್ನು ಉಳಿದವು ಮೈಮೇಲೆ ಹಾಕಿಕೊಳ್ಳುತ್ತವೆ, ಆ ಹೊರೆಗೇ ಅವೂ ಬೇಗ ಸವೆಯುತ್ತವೆ.

ಇನ್ನೊಂದು. ಅರ್ಧ ಕಿಡ್ನಿ ಹೋಗುವವರೆಗೆ ಕ್ರಿಯಾಟಿನಿನ್ ಅಷ್ಟಾಗಿ ಏರುವುದೇ ಇಲ್ಲ. 1 ಇದ್ದದ್ದು 2 ಆಗುವ ಹೊತ್ತಿಗೆ ಹೆಚ್ಚುಕಡಿಮೆ ಅರ್ಧ ಕೆಲಸ ಹೋಗಿರುತ್ತದೆ. "2 ತಾನೇ, ಸ್ವಲ್ಪ ಜಾಸ್ತಿ" ಅಂತ ಸುಮ್ಮನಿರುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ನಮ್ಮ ಮನೆಯಲ್ಲೂ ಹಾಗೆ ಎರಡು ವರ್ಷ ಕಳೆದಿದ್ದೆವು.

ನರ್ಸಕ್ಕ

ಈಗ ಮನೆಗೆ ಬಂದೆ. ನಾನು 11 ವರ್ಷದಿಂದ ಡಯಾಲಿಸಿಸ್ ವಿಭಾಗದಲ್ಲಿದ್ದೇನೆ. ಎಳನೀರಿನ ವಿಷಯ ಮೊದಲು.

ಪೊಟ್ಯಾಸಿಯಂ ಹೆಚ್ಚಾಗಿ ಇರುವುದು ಜೀವಕೋಶದ ಒಳಗೆ. ರಕ್ತದಲ್ಲಿ 3.5ರಿಂದ 5ರವರೆಗೆ ಇರಬೇಕು. ಹೃದಯದ ಬಡಿತ ನಡೆಯುವುದು ಒಳಗಿನ ಮತ್ತು ಹೊರಗಿನ ಪೊಟ್ಯಾಸಿಯಂ ವ್ಯತ್ಯಾಸದ ಮೇಲೆ. ಹೊರಗೆ ಜಾಸ್ತಿಯಾದರೆ ಬಡಿತದ ತಾಳ ತಪ್ಪುತ್ತದೆ. ನೋವಿಲ್ಲ, ಜ್ವರವಿಲ್ಲ, ಒಮ್ಮೆಲೇ ಹೃದಯ ನಿಂತುಬಿಡಬಹುದು. ಒಳ್ಳೆಯ ಕಿಡ್ನಿ ಇದ್ದವರಿಗೆ ಎಳನೀರು ಅಮೃತ, ಹೆಚ್ಚಾದ ಪೊಟ್ಯಾಸಿಯಂ ಮೂತ್ರದಲ್ಲಿ ಹೋಗುತ್ತದೆ. ಇವರಿಗೆ ಹೋಗುವ ದಾರಿಯೇ ಇಲ್ಲ.

ಒಬ್ಬ ಅಜ್ಜನನ್ನು ಬೇಸಿಗೆಯಲ್ಲಿ ಕರೆತಂದಿದ್ದರು. ಬಿಸಿಲಿಗೆ ಸುಸ್ತು ಅಂತ ಮೊಮ್ಮಗ ಪ್ರೀತಿಯಿಂದ ಮೂರು ಎಳನೀರು ಕುಡಿಸಿದ್ದ. ಕೈಕಾಲಲ್ಲಿ ಬಲವಿಲ್ಲ, ಇಸಿಜಿಯಲ್ಲಿ ಗೆರೆ ಗೋಪುರದ ಹಾಗೆ ಎದ್ದಿತ್ತು. ಪೊಟ್ಯಾಸಿಯಂ 7.4. ಕೂಡಲೇ ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟು ಡಯಾಲಿಸಿಸ್‌ಗೆ ಹಾಕಿದೆವು. ಉಳಿದರು. ಆ ಹುಡುಗ ಗೋಡೆಗೆ ಒರಗಿಕೊಂಡು ಅಳುತ್ತಿದ್ದದ್ದು ನನಗೆ ಇನ್ನೂ ನೆನಪಿದೆ. ಅವನ ತಪ್ಪೇನಿತ್ತು? ಯಾರೂ ಅವನಿಗೆ ಹೇಳಿರಲಿಲ್ಲ.

ಅಡುಗೆಗೂ ಇದೇ ಲೆಕ್ಕ. ತರಕಾರಿ, ಸೊಪ್ಪು ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ಆ ನೀರು ಬಸಿದು ಚೆಲ್ಲಬೇಕು. ಪೊಟ್ಯಾಸಿಯಂ ತುಂಬಾ ಮಟ್ಟಿಗೆ ನೀರಿಗೆ ಇಳಿದಿರುತ್ತದೆ. ಮಂಡ್ಯ, ಮೈಸೂರು ಕಡೆಯವರಿಗೆ ನಾನು ಬಿಡಿಸಿ ಹೇಳುತ್ತೇನೆ: ಪಲ್ಯ ತಿನ್ನಿ, ಬಸ್ಸಾರು ಬೇಡ. ಬಸಿದ ನೀರೇ ಸಾರಾದರೆ ಬಸಿದು ಏನು ಬಂತು? "ಲೋ ಸೋಡಿಯಂ" ಅಂತ ಮಾರುವ ಉಪ್ಪೂ ಬೇಡ. ಸೋಡಿಯಂ ತೆಗೆದ ಜಾಗಕ್ಕೆ ಅದರಲ್ಲಿ ಪೊಟ್ಯಾಸಿಯಂ ಹಾಕಿರುತ್ತಾರೆ.

ಮಲೆನಾಡು, ಕರಾವಳಿಯವರು ಇದನ್ನು ನೆನಪಿಡಿ: ಕಿಡ್ನಿ ಸೋತವರು ಧಾರೆಹುಳಿ, ಅಂದರೆ ಸ್ಟಾರ್ ಫ್ರೂಟ್, ಮುಟ್ಟಲೇಬಾರದು. ಹಣ್ಣಾಗಲಿ, ಜ್ಯೂಸ್ ಆಗಲಿ, ಉಪ್ಪಿನಕಾಯಿ ಆಗಲಿ. ಕಿಡ್ನಿ ಹೊರಗೆ ಹಾಕಬೇಕಾದ ಒಂದು ವಿಷ ಅದರಲ್ಲಿದೆ. ಅದು ಮಿದುಳಿಗೆ ಏರಿ ಬಿಡದ ಬಿಕ್ಕಳಿಕೆ, ಗಲಿಬಿಲಿ, ಫಿಟ್ಸ್ ಬರಿಸುತ್ತದೆ. ಜೀವ ಹೋದದ್ದೂ ಇದೆ.

ಹೊಲದಬದು

ಅಕ್ಕಾ, ಇದು ನನಗೆ ಗೊತ್ತಿರಲಿಲ್ಲ. ಕಲ್ಲಿಗೆ ಆದದ್ದು ಎಲ್ಲದಕ್ಕೂ ಆಗುತ್ತೆ ಅಂದುಕೊಂಡಿದ್ದೆ. ಸಾಗರದ ಅಣ್ಣ, ನಾನು ಮೇಲೆ ಬರೆದಿದ್ದನ್ನು ಕೊಡಬೇಡಿ. ಬೇರೆಯವರೂ ಓದಿ ಮಾಡದಿರಲಿ ಅಂತ ಆ ಪೋಸ್ಟಿನ ಕೆಳಗೂ ಬರೆದಿದ್ದೇನೆ.

ಸಾಗರದ ಮಗ

ನಮ್ಮ ಹಿತ್ತಿಲಲ್ಲೇ ಧಾರೆಹುಳಿ ಮರ ಇದೆ! ಅಮ್ಮ ಉಪ್ಪಿನಕಾಯಿ ಭರಣಿ ಎತ್ತಿ ಅತ್ತೆ ಮನೆಗೆ ಕಳಿಸಿದಳು. ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ ಅಕ್ಕ.

ಮೂಳೆ ಮಾತ್ರೆ, ಸೋಡಾ ಮಾತ್ರೆ ಬಾಕಿ ಇವೆ ಮೇಡಂ.

ಬಯಾಲಜಿ ಟೀಚರ್

ಮೂಳೆಯದು ಉದ್ದದ ದಾರಿ. ಬಿಸಿಲು ಬಿದ್ದಾಗ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗುತ್ತದೆ. ಆದರೆ ಅದು ಹಸಿ ಮಾಲು. ಲಿವರ್‌ಗೆ ಹೋಗಿ ಒಂದು ಹದ ಆಗಬೇಕು, ಕಿಡ್ನಿಗೆ ಬಂದು ಕೊನೆಯ ಹದ ಆಗಬೇಕು. ಆಮೇಲೇ ಅದು ಕರುಳಿಗೆ "ಊಟದಲ್ಲಿರುವ ಕ್ಯಾಲ್ಸಿಯಂ ಎಳೆದುಕೋ" ಅಂತ ಹೇಳಬಲ್ಲದು. ಚರ್ಮ, ಲಿವರ್, ಕಿಡ್ನಿ, ಕರುಳು, ಮೂಳೆ, ಐದು ಕಡೆ ಕೈ ಬದಲಾಗುವ ಕೆಲಸ. ಕಿಡ್ನಿ ಸೋತರೆ ದಿನವಿಡೀ ಬಿಸಿಲಲ್ಲಿ ಕೂತರೂ ಹದ ಆಗುವುದಿಲ್ಲ. ಡಬ್ಬಿಯಲ್ಲಿರುವ ಪುಟ್ಟ ಕ್ಯಾಪ್ಸೂಲ್ ಕ್ಯಾಲ್ಸಿಟ್ರಿಯಾಲ್ ಇರಬೇಕು. ಅದು ಹದ ಆಗಿಯೇ ಬಂದ ವಿಟಮಿನ್ ಡಿ.

ಊಟದ ಜೊತೆ ತಗೋ ಅಂದ ಮಾತ್ರೆ ರಂಜಕಕ್ಕೆ, ಅಂದರೆ ಫಾಸ್ಫರಸ್‌ಗೆ. ಹಾಲು, ಕಾಳು, ಮಾಂಸದಲ್ಲಿ ಇರುವ ಫಾಸ್ಫರಸ್ ಹೆಚ್ಚಾದರೆ ಕಿಡ್ನಿ ಹೊರಗೆ ಹಾಕಬೇಕು. ಈಗ ಹಾಕುತ್ತಿಲ್ಲ. ರಕ್ತದಲ್ಲಿ ಫಾಸ್ಫರಸ್ ಏರಿ ಕ್ಯಾಲ್ಸಿಯಂ ಇಳಿದರೆ ಕುತ್ತಿಗೆಯಲ್ಲಿರುವ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು ಎಚ್ಚರಗೊಳ್ಳುತ್ತವೆ. ಅಕ್ಕಿಕಾಳಿನಷ್ಟು ಸಣ್ಣವು. ಅವು ಮೂಳೆಯನ್ನು ಕರಗಿಸಿ ರಕ್ತಕ್ಕೆ ಕ್ಯಾಲ್ಸಿಯಂ ತುಂಬುತ್ತವೆ. ವರ್ಷಗಟ್ಟಲೆ ಹೀಗೇ ನಡೆದರೆ ಮೂಳೆ ಟೊಳ್ಳಾಗುತ್ತದೆ, ರಕ್ತನಾಳದ ಗೋಡೆಯಲ್ಲಿ ಸುಣ್ಣ ಕೂರುತ್ತದೆ. ಆ ಮಾತ್ರೆ ಹೊಟ್ಟೆಯಲ್ಲೇ ಊಟದ ಫಾಸ್ಫರಸ್ಸನ್ನು ಹಿಡಿದುಕೊಂಡು ಮಲದಲ್ಲಿ ಹೊರಗೆ ಹೋಗುತ್ತದೆ. ಅದಕ್ಕೇ ಊಟದ ಜೊತೆಗೇ ಬೇಕು. ಊಟವಾಗಿ ಎರಡು ಗಂಟೆ ಬಿಟ್ಟು ತಗೊಂಡರೆ ಹಿಡಿಯಲು ಏನೂ ಇರುವುದಿಲ್ಲ. ನಮ್ಮ ಅಮ್ಮ ಎಲ್ಲ ಮಾತ್ರೆ ಒಟ್ಟಿಗೇ ಬೆಳಿಗ್ಗೆ ನುಂಗಿಬಿಡುತ್ತಿದ್ದರು. ತಿಂಗಳುಗಟ್ಟಲೆ ದುಡ್ಡೂ ಹೋಯಿತು, ಫಾಸ್ಫರಸ್ಸೂ ಇಳಿಯಲಿಲ್ಲ.

ಸೋಡಾ ಮಾತ್ರೆ ನಾವು ಬೋಂಡಾಕ್ಕೆ ಹಾಕುವ ಅಡುಗೆ ಸೋಡಾವೇ, ಸೋಡಿಯಂ ಬೈಕಾರ್ಬನೇಟ್. ತಿಂದದ್ದು ಅರಗಿ, ಸುಟ್ಟು, ಮೈಯಲ್ಲಿ ದಿನಾ ಆಮ್ಲ ಹುಟ್ಟುತ್ತಲೇ ಇರುತ್ತದೆ. ಆದರೆ ರಕ್ತದ ಪಿಎಚ್ 7.35ರಿಂದ 7.45ರ ಒಳಗೇ ಇರಬೇಕು. ಇದನ್ನು ಇಬ್ಬರು ಕಾಯುತ್ತಾರೆ. ಶ್ವಾಸಕೋಶ ಇಂಗಾಲದ ಡೈಆಕ್ಸೈಡ್ ಊದಿ ಹೊರಹಾಕಿ ನಿಮಿಷಗಳಲ್ಲಿ ಸರಿಮಾಡುತ್ತದೆ. ಕಿಡ್ನಿ ಆಮ್ಲವನ್ನು ಮೂತ್ರಕ್ಕೆ ತಳ್ಳಿ, ಬೈಕಾರ್ಬನೇಟ್ ಉಳಿಸಿಕೊಂಡು ದಿನಗಳಲ್ಲಿ ಸರಿಮಾಡುತ್ತದೆ. ಕಿಡ್ನಿ ಕೈಬಿಟ್ಟರೆ ಹೊರೆಯೆಲ್ಲ ಶ್ವಾಸಕೋಶದ ಮೇಲೆ. ಉಸಿರು ಜೋರಾಗಿ, ಆಳವಾಗಿ ಆಗುತ್ತದೆ. ರಕ್ತದ ಆಮ್ಲ ಮೂಳೆಯನ್ನೂ ಮಾಂಸಖಂಡವನ್ನೂ ತಿನ್ನುತ್ತದೆ. ಅಷ್ಟು ಅಗ್ಗದ ಮಾತ್ರೆ ಇಷ್ಟೊಂದು ತಡೆಯುತ್ತದೆ ಅಂದರೆ ನನಗೆ ಈಗಲೂ ಆಶ್ಚರ್ಯ.

ರಾಣೆಬೆನ್ನೂರಾಕಿ

ಮೇಡಂ ರೀ, ನಮ್ಮವ್ವಗ ಮಂಡಿನೋವು. ಐದು ವರ್ಷದಿಂದ ಅಂಗಡಿಯಿಂದ ನೋವಿನ ಗುಳಿಗಿ ತಂದು ದಿನಾ ಒಂದು ನುಂಗತಾಳ. ಬಿಪಿ ಗುಳಿಗಿನೂ ಐತಿ. ಇದನ್ನ ಓದಿ ಹೆದರಿಕಿ ಆತು ನೋಡ್ರಿ.

ಬಯಾಲಜಿ ಟೀಚರ್

ಕೇಳಿದ್ದು ಒಳ್ಳೆಯದಾಯಿತು. ಇದಕ್ಕೆ ಬಿಪಿಯ ಕಥೆ ಹೇಳಬೇಕು, ಟೆಲ್ಮಿಸಾರ್ಟಾನ್ ಬಟ್ಟಲೂ ಬಾಕಿ ಇದೆ.

ರಕ್ತದ ಒತ್ತಡ ಇಳಿದರೆ ಕಿಡ್ನಿ ರೆನಿನ್ ಅನ್ನುವುದನ್ನು ಬಿಡುತ್ತದೆ. ಲಿವರ್ ಬಿಟ್ಟಿರುವ ಒಂದು ಪ್ರೋಟೀನನ್ನು ರೆನಿನ್ ಕತ್ತರಿಸುತ್ತದೆ. ಆ ತುಂಡು ಶ್ವಾಸಕೋಶದ ರಕ್ತನಾಳಗಳಲ್ಲಿ ಹಾದುಹೋಗುವಾಗ ಇನ್ನೊಮ್ಮೆ ಕತ್ತರಿಯಾಗಿ ಆಂಜಿಯೊಟೆನ್ಸಿನ್ 2 ಆಗುತ್ತದೆ. ಅದು ಮೈಯ ರಕ್ತನಾಳಗಳನ್ನು ಬಿಗಿಮಾಡುತ್ತದೆ. ಕಿಡ್ನಿಯ ತಲೆಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗೆ ಹೇಳಿ ಉಪ್ಪು ಹಿಡಿದಿಡಿಸುತ್ತದೆ. ಉಪ್ಪಿನ ಹಿಂದೆ ನೀರು ನಿಲ್ಲುತ್ತದೆ, ಒತ್ತಡ ಏರುತ್ತದೆ. ಸವೆದ ಕಿಡ್ನಿ ಒತ್ತಡ ಏರಿದ್ದರೂ ಇದನ್ನೇ ಮಾಡುತ್ತಾ ಹೋಗುವುದುಂಟು. ಬಿಪಿ ಕಿಡ್ನಿಯನ್ನು ಕೆಡಿಸುತ್ತದೆ, ಕೆಟ್ಟ ಕಿಡ್ನಿ ಬಿಪಿಯನ್ನು ಏರಿಸುತ್ತದೆ. ಟೆಲ್ಮಿಸಾರ್ಟಾನ್ ಈ ಸುತ್ತನ್ನು ಆಂಜಿಯೊಟೆನ್ಸಿನ್ ಹತ್ತಿರ ಮುರಿಯುತ್ತದೆ. ಹಾಗಾಗಿ ಅದು ಬಿಪಿಗೆ ಮಾತ್ರ ಅಲ್ಲ, ಉಳಿದ ನೆಫ್ರಾನ್‌ಗಳ ಮೇಲಿನ ಹೊರೆಯನ್ನೂ ಇಳಿಸುತ್ತದೆ. ಪೊಟ್ಯಾಸಿಯಂ ಸ್ವಲ್ಪ ಏರಿಸುತ್ತದೆ, ಅದಕ್ಕೇ ಮತ್ತೆ ಮತ್ತೆ ರಕ್ತ ಪರೀಕ್ಷೆ.

ಮಂಡಲದ ಹಾವಿನ ಮಾತು ಬಂತಲ್ಲ, ಈ ಸುತ್ತನ್ನು ಮುರಿಯುವ ಮೊದಲ ಮಾತ್ರೆಗಳಲ್ಲಿ ಒಂದಾದ ಕ್ಯಾಪ್ಟೊಪ್ರಿಲ್‌ಗೆ ದಾರಿ ತೋರಿಸಿದ್ದು ಬ್ರೆಜಿಲ್‌ನ ಒಂದು ಮಂಡಲದ ಹಾವಿನ ವಿಷ. ಅದು ಕಚ್ಚಿದರೆ ಬಿಪಿ ಇಳಿದುಹೋಗುತ್ತದೆ. ಅಲ್ಲಿನ ವಿಜ್ಞಾನಿ ಸೆರ್ಜಿಯೊ ಫೆರೇರಾ ವಿಷದಲ್ಲಿ ಆ ಗುಣದ ವಸ್ತು ಕಂಡರು. 1981ರಲ್ಲಿ ಮಾತ್ರೆ ಬಳಕೆಗೆ ಬಂತು.

ಈಗ ನಿಮ್ಮ ಅವ್ವನ ಮಾತು. ನೆಫ್ರಾನಿನ ಉಂಡೆಗೆ ರಕ್ತ ಬರುವ ಬಾಗಿಲನ್ನು ತೆರೆದಿಡುವುದು ಪ್ರೊಸ್ಟಗ್ಲಾಂಡಿನ್ ಅನ್ನುವ ವಸ್ತು. ಡೈಕ್ಲೊಫೆನಾಕ್, ಐಬುಪ್ರೊಫೇನ್ ಥರದ ನೋವಿನ ಮಾತ್ರೆ ಅದನ್ನೇ ತಡೆಯುತ್ತದೆ. ಬಾಗಿಲು ಬಿಗಿಯಾಗುತ್ತದೆ, ರಕ್ತ ಕಡಿಮೆ ಬರುತ್ತದೆ. ಬಿಪಿಯ ಈ ಜಾತಿಯ ಮಾತ್ರೆ, ನೀರು ಇಳಿಸುವ ಮಾತ್ರೆ, ನೋವಿನ ಮಾತ್ರೆ ಮೂರೂ ಸೇರಿದರೆ, ಜೊತೆಗೆ ಭೇದಿಯೋ ವಾಂತಿಯೋ ಆದರೆ, ಒಂದು ವಾರದಲ್ಲಿ ಕಿಡ್ನಿ ಕುಸಿಯಬಹುದು. ನೋವಿನ ಗುಳಿಗೆಯನ್ನು ಇವತ್ತೇ ನಿಲ್ಲಿಸಿ, ಬಿಪಿಯದು ನಿಲ್ಲಿಸಬೇಡಿ. ಕ್ರಿಯಾಟಿನಿನ್ ಮತ್ತು ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ಇದೆಯಾ ಅನ್ನುವ ಪರೀಕ್ಷೆ ಮಾಡಿಸಿ. ಮಂಡಿಗೆ ಬೇರೆ ದಾರಿ ಡಾಕ್ಟರು ಹೇಳುತ್ತಾರೆ.

ಹೊಸಕೋಟೆ ಡ್ರೈವರ್

ನನಗೆ 31. ಶುಗರ್ ಬಂದು ಎರಡು ವರ್ಷ. ಈಗ ಮೂತ್ರ ನೊರೆ ನೊರೆ ಬರುತ್ತಿದೆ. ಅದಕ್ಕೂ ಇದೇನಾ?

ಬಯಾಲಜಿ ಟೀಚರ್

ಇರಬಹುದು, ಇಲ್ಲದಿರಬಹುದು. ಜೋರಾಗಿ ಬಿದ್ದರೂ ನೊರೆ ಬರುತ್ತದೆ. ಆದರೆ ನಿಂತ ನೊರೆ ಹೋಗದಿದ್ದರೆ ಪ್ರೋಟೀನ್ ಸೋರುತ್ತಿರಬಹುದು. ಮೂತ್ರದ ಆಲ್ಬುಮಿನ್ ಟೆಸ್ಟ್ ಈ ವಾರವೇ ಮಾಡಿಸಿ. ಕ್ರಿಯಾಟಿನಿನ್ ಏರುವುದಕ್ಕೂ ವರ್ಷಗಳ ಮೊದಲೇ ಅದು ತೋರಿಸಿಕೊಡುತ್ತದೆ. ಈ ಹಂತದಲ್ಲಿ ಹಿಡಿದರೆ ಟೆಲ್ಮಿಸಾರ್ಟಾನ್ ಥರದ್ದು, ಡಾಪಾಗ್ಲಿಫ್ಲೋಜಿನ್ ಥರದ್ದು ಸವೆತವನ್ನು ತುಂಬಾ ನಿಧಾನ ಮಾಡುತ್ತವೆ. ನಮ್ಮ ಅಮ್ಮನ ಕಾಲಕ್ಕೆ ಎರಡನೆಯದು ಇರಲೇ ಇಲ್ಲ. ದಯವಿಟ್ಟು ಮುಂದೂಡಬೇಡಿ.

ಸಾಗರದ ಮಗ

ನಿನ್ನೆ ಡಾಕ್ಟರ ಹತ್ತಿರ ಹೋಗಿದ್ದೆವು. ನಿಮ್ಮೆಲ್ಲರ ಪೋಸ್ಟ್ ಓದಿದ್ದರಿಂದ ಎರಡು ನಿಮಿಷದಲ್ಲೇ ಬೇಕಾದ್ದನ್ನು ಕೇಳಲು ಬಂತು. ಮುಂದೆ ಡಯಾಲಿಸಿಸ್ ಬೇಕಾಗುತ್ತದೆ, ಈಗಲೇ ಕೈಯಲ್ಲಿ ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲು ದಪ್ಪ ಸಿರೆ, ಮಾಡಿಸಿಕೊಳ್ಳಿ ಅಂದರು. ಅಪ್ಪ ಕೇಳಿದ್ದು ಒಂದೇ: "ಡಯಾಲಿಸಿಸ್ ಶುರುವಾದರೆ ಈ ಡಬ್ಬಿ ಖಾಲಿಯಾಗುತ್ತಾ?"

ನರ್ಸಕ್ಕ

ಅಪ್ಪನ ಪ್ರಶ್ನೆ ಸರಿಯಾಗಿದೆ. ಪೂರ್ತಿ ಖಾಲಿಯಾಗುವುದಿಲ್ಲ.

ಡಯಾಲಿಸಿಸ್ ಮೆಷಿನ್ ಸೋಸುವ ಕೆಲಸ ಮಾಡುತ್ತದೆ. ಸೋಸುವ ಟ್ಯೂಬಿನೊಳಗೆ ಕೂದಲಿನಂಥ ಸಾವಿರಾರು ಕೊಳವೆಗಳಿವೆ. ಅವುಗಳ ಒಳಗೆ ರಕ್ತ, ಹೊರಗೆ ಹದ ಮಾಡಿದ ನೀರು. ಒಂದು ಸಲಕ್ಕೆ ಸುಮಾರು 120 ಲೀಟರ್ ನೀರು ಹರಿಯುತ್ತದೆ. ಯೂರಿಯಾ, ಪೊಟ್ಯಾಸಿಯಂ, ಹೆಚ್ಚಾದ ನೀರು ಹೊರಗೆ ಹೋಗುತ್ತವೆ, ಬೈಕಾರ್ಬನೇಟ್ ಒಳಗೆ ಬರುತ್ತದೆ. ಹಾಗಾಗಿ ಸೋಡಾ ಮಾತ್ರೆ ಹೆಚ್ಚಿನವರಿಗೆ ನಿಲ್ಲುತ್ತದೆ. ಆದರೆ ಮೆಷಿನ್‌ಗೆ ಇಪಿಒ ಮಾಡಲು ಬರುವುದಿಲ್ಲ, ವಿಟಮಿನ್ ಡಿ ಹದ ಮಾಡಲು ಬರುವುದಿಲ್ಲ. ಫಾಸ್ಫರಸ್ ಕೂಡ ಸಾಕಷ್ಟು ತೆಗೆಯಲು ಆಗುವುದಿಲ್ಲ. ಇಂಜೆಕ್ಷನ್, ಕ್ಯಾಪ್ಸೂಲ್, ಊಟದ ಮಾತ್ರೆ ಹೆಚ್ಚಾಗಿ ಮುಂದುವರಿಯುತ್ತವೆ.

ಇನ್ನೊಂದು ಲೆಕ್ಕ ಹೇಳುತ್ತೇನೆ. ವಾರಕ್ಕೆ 168 ಗಂಟೆ ಕಿಡ್ನಿ ಕೆಲಸ ಮಾಡುತ್ತಿತ್ತು. ವಾರಕ್ಕೆ ಮೂರು ಸಲ, 4 ಗಂಟೆಯಂತೆ, ಮೆಷಿನ್ ಮಾಡುವುದು 12 ಗಂಟೆ. ಉಳಿದ 156 ಗಂಟೆ ಕುಡಿದ ನೀರು, ತಿಂದ ಉಪ್ಪು ಮೈಯಲ್ಲೇ. ನೀರು ಜಾಸ್ತಿಯಾದರೆ ಮೊದಲು ಕಾಲಿಗೆ, ಆಮೇಲೆ ಶ್ವಾಸಕೋಶಕ್ಕೆ. "ರಾತ್ರಿ ಎರಡು ದಿಂಬು ಸಾಲದು, ಕೂತೇ ಮಲಗಬೇಕು" ಅಂದರೆ ನಾವು ಕೂಡಲೇ ಕರೆಸುತ್ತೇವೆ. ಡಾಕ್ಟರು ಹೇಳಿದ ಅಳತೆಯ ನೀರನ್ನು ಬೆಳಿಗ್ಗೆಯೇ ಒಂದು ಬಾಟಲಿಗೆ ತುಂಬಿಡಿ. ಕಾಫಿ, ಮಜ್ಜಿಗೆ ಕುಡಿದಾಗ ಅಷ್ಟು ನೀರನ್ನು ಬಾಟಲಿಯಿಂದ ಚೆಲ್ಲಿ. ಉಪ್ಪಿನಕಾಯಿ, ಹಪ್ಪಳ ಬಿಟ್ಟರೆ ಬಾಯಾರಿಕೆ ತಾನಾಗಿ ಕಡಿಮೆಯಾಗುತ್ತದೆ.

ಇದೆಲ್ಲ ಕೇಳಿ ಕುಗ್ಗಬೇಡಿ. 1943ರಲ್ಲಿ, ಯುದ್ಧದ ನಡುವೆ, ನೆದರ್ಲೆಂಡ್ಸಿನ ಕಾಂಪೆನ್ ಊರಿನಲ್ಲಿ ವಿಲೆಮ್ ಕೋಲ್ಫ್ ಅನ್ನುವ ಡಾಕ್ಟರು ಮರದ ಡ್ರಮ್ಮಿಗೆ ಸೆಲ್ಲೋಫೇನ್ ಕೊಳವೆ ಸುತ್ತಿ ತಮ್ಮ ಮೊದಲ ಮೆಷಿನ್ ಮಾಡಿದಾಗ, ಮೊದಲ ಹದಿನೈದು ಹದಿನಾರು ಜನರಲ್ಲಿ ಹೆಚ್ಚುಕಡಿಮೆ ಯಾರೂ ಉಳಿಯಲಿಲ್ಲ. 1945ರಲ್ಲಿ 67 ವರ್ಷದ ಒಬ್ಬ ಅಮ್ಮ ಪ್ರಜ್ಞೆ ತಪ್ಪಿದ್ದವರು ಎದ್ದು ಮಾತಾಡಿದರು. ಇವತ್ತು ನಮ್ಮ ತಾಲೂಕು ಆಸ್ಪತ್ರೆಗಳಲ್ಲೂ ಮೆಷಿನ್ ಇದೆ. ನನ್ನ ಹತ್ತಿರ ಬರುವವರಲ್ಲಿ ಅಂಗಡಿ ನಡೆಸುವವರಿದ್ದಾರೆ, ಮಗಳ ಮದುವೆ ಮಾಡಿದವರಿದ್ದಾರೆ.

ಬಯಾಲಜಿ ಟೀಚರ್

ಡಬ್ಬಿಯ ಈ ಬಟ್ಟಲುಗಳು ಖಾಲಿಯಾಗುವ ದಾರಿ ಒಂದಿದೆ, ಕಸಿ. ಹೊಸ ಕಿಡ್ನಿಯನ್ನು ಕಿಬ್ಬೊಟ್ಟೆಯ ಒಂದು ಬದಿಗೆ ಇಡುತ್ತಾರೆ, ಹಳೆಯವನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ. ಅದು ರಕ್ತಕ್ಕೆ ಜೋಡಣೆಯಾದರೆ ಇಪಿಒ, ವಿಟಮಿನ್ ಡಿ ಎಲ್ಲವನ್ನೂ ತಾನೇ ಮಾಡತೊಡಗುತ್ತದೆ. ಬದಲಿಗೆ ದೇಹ ಅದನ್ನು ತಳ್ಳದ ಹಾಗೆ ದಿನಾ ಬೇರೆ ಮಾತ್ರೆ ಬೇಕು. 1954ರಲ್ಲಿ ಬಾಸ್ಟನ್‌ನಲ್ಲಿ ಅವಳಿ ಅಣ್ಣತಮ್ಮಂದಿರ ನಡುವೆ ಮೊದಲು ಗೆದ್ದಿತು. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಮಾಡಿದರು. ಮನೆಯವರು ಕೊಡಬಹುದು. ಇಲ್ಲವಾದರೆ ಕರ್ನಾಟಕದಲ್ಲಿ ಅಂಗದಾನ ನೋಡಿಕೊಳ್ಳುವ ಜೀವಸಾರ್ಥಕತೆ ಸಂಸ್ಥೆಯ ಕಾಯುವ ಪಟ್ಟಿಯಲ್ಲಿ ಹೆಸರು ಬರೆಸಬೇಕು. ಅಪ್ಪನ ವಯಸ್ಸು, ಹೃದಯ ನೋಡಿ ಡಾಕ್ಟರು ಹೇಳುತ್ತಾರೆ. ಕೇಳಲು ಹಿಂಜರಿಯಬೇಡಿ. ನಾವು ತಡವಾಗಿ ಕೇಳಿದೆವು.

ಸಾಗರದ ಮಗ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಎಡಗೈ ಮಣಿಕಟ್ಟಿನ ಹತ್ತಿರ ಫಿಸ್ಟುಲಾ ಆಯಿತು. ಹೃದಯದಿಂದ ಬರುವ ನಾಳವನ್ನು ಪಕ್ಕದ ಸಿರೆಗೆ ಹೊಲಿದಿದ್ದಾರೆ. ಸಿರೆ ದಪ್ಪವಾಗಲು ಆರೆಂಟು ವಾರ ಬೇಕಂತೆ. ಅಲ್ಲಿ ಬೆರಳಿಟ್ಟರೆ ಝುಂ ಅಂತ ಅದುರುತ್ತದೆ, ಒಳಗೆ ದುಂಬಿ ಇದ್ದ ಹಾಗೆ. ಅಪ್ಪ ಬಂದವರಿಗೆಲ್ಲ ಮುಟ್ಟಿಸುತ್ತಾರೆ. ಹಿಮೋಗ್ಲೋಬಿನ್ 9.1 ಆಗಿದೆ. ಚಿಕ್ಕಪ್ಪ ಬಂದಾಗ ಅಪ್ಪನೇ ಡಬ್ಬಿ ತೆಗೆದು ಯಾವ ಬಟ್ಟಲು ಯಾತಕ್ಕೆ ಅಂತ ಹೇಳಿದರು. ಅಮ್ಮ ಒಂದೊಂದು ಬಟ್ಟಲಿಗೂ ಚೀಟಿ ಅಂಟಿಸಿದ್ದಾಳೆ: ರಕ್ತ, ಮೂಳೆ, ಊಟ, ನೀರು.

ನರ್ಸಕ್ಕ

ತುಂಬಾ ಸಂತೋಷ. ಆ ಕೈಯಲ್ಲಿ ಬಿಪಿ ನೋಡಿಸಬೇಡಿ, ರಕ್ತ ತೆಗೆಸಬೇಡಿ. ಆ ಕಡೆಗೆ ಮಗ್ಗುಲಾಗಿ ಮಲಗದಿರಲಿ, ಬಿಗಿಯಾದ ವಾಚ್, ಬಳೆ ಬೇಡ, ಕೊಡ ಎತ್ತುವುದು ಬೇಡ. ಡಾಕ್ಟರು ಹೇಳಿದ ಮೇಲೆ ಮೆತ್ತನೆ ಚೆಂಡು ಹಿಸುಕುವ ವ್ಯಾಯಾಮ ಮಾಡಲಿ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಮುಟ್ಟಿ ನೋಡಬೇಕು. ಝುಂ ಅನ್ನುವುದು ನಿಂತಿದ್ದರೆ ಆವತ್ತೇ ಆಸ್ಪತ್ರೆಗೆ ಹೋಗಿ, ನಾಳೆ ನೋಡೋಣ ಅನ್ನಬೇಡಿ.